ಕೊನೆಯವರು ಬರಬೇಕು

“ಹಾಕಿ ಅಂದೆನಲ್ಲ, ಹಾಕಿ.”

ಗಾಜಿನಂಗಡಿಯವನು ಎರಡೂ ಕೈಯಲ್ಲಿ ಚೀಲ ಹಿಡಿದು ಶವಪೆಟ್ಟಿಗೆಯ ಪಕ್ಕದಲ್ಲಿ ನಿಂತೇ ಇದ್ದ. ದಪ್ಪ ಕ್ಯಾನ್ವಾಸಿನ ಚೀಲ. ಗ್ರೀಸು ಕುಡಿದು ಕುಡಿದು ಅದರ ಮೂಲ ಬಣ್ಣ ಯಾವುದೆಂಬುದು ಯಾರಿಗೂ ನೆನಪಿರಲಿಲ್ಲ. ಒಳಗೆ ಸ್ಪ್ಯಾನರು, ಇಕ್ಕಳ, ಪಂಕ್ಚರ್ ಸಾಮಾನು, ಇನ್ನೂ ಏನೇನೋ. ಎತ್ತಿ ಹಿಡಿದವನ ತೋಳು ನಡುಗುವಷ್ಟು ಭಾರ.

“ಅತ್ತಿಗೆ, ಇದನ್ನ ನಾವು ಇಟ್ಕೋತೀವಿ. ಅಣ್ಣನ ನೆನಪಿಗೆ,” ಎಂದಳು ಹಲ್ಲಿನ ಡಾಕ್ಟರಮ್ಮ.

“ಇಪ್ಪತ್ತೈದು ವರ್ಷ ಭಾನುವಾರ ಭಾನುವಾರ ಅವರ ಜೊತೆ ಹೋಗಿದ್ದು ಅದೇ ತಾನೆ? ನಾನಂತೂ ಅಲ್ಲ. ಇವತ್ತೂ ಅದೇ ಹೋಗ್ಲಿ.”

ಎರಡು ಸಲ ಹೇಳಿದ ಮೇಲೆ ಮೂರನೆಯ ಸಲ ಹೇಳಿಸಿಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ. ಸತ್ತವನ ಹೆಂಡತಿಯನ್ನು ಊರಿನವರು ಮೈಕಮ್ಮ ಎನ್ನುತ್ತಿದ್ದರು. ಯಾವ ಬಸ್ಸು ಬಂತು, ಯಾವುದು ಹೊರಟಿತು ಎಂದು ಬಸ್ ನಿಲ್ದಾಣದ ಮೈಕಿನಲ್ಲಿ ವರ್ಷಾನುಗಟ್ಟಲೆ ಕೂಗಿದ ಹೆಂಗಸು. ಆ ದನಿ ಕೇಳಿದ ಕೂಡಲೇ ಗಂಟುಮೂಟೆ ಎತ್ತಿಕೊಂಡು ಓಡುವುದು ಊರಿಗೆ ರೂಢಿಯಾಗಿತ್ತು. ಗಾಜಿನಂಗಡಿಯವನು ಚೀಲವನ್ನು ಸತ್ತವನ ಕಾಲಿನ ಹತ್ತಿರ ಮೆಲ್ಲಗೆ ಇಳಿಸಿದ. ಪೆಟ್ಟಿಗೆ ಅಂಗಡಿಯವನು ಮುಚ್ಚಳ ಕೂರಿಸಿ ಸ್ಕ್ರೂ ತಿರುಗಿಸಿದ, ತನ್ನ ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡು ಇನ್ನೊಂದು ಮನೆಗೆ ಹೊರಟುಹೋದ.

ಇನ್ನು ದಾರಿಯ ಮಾತು. ಸ್ಮಶಾನಕ್ಕೆ ಹೋಗುವ ಡಾಂಬರು ರಸ್ತೆ ಕುಸಿದು ಬಿದ್ದು ವಾರವಾಗಿತ್ತು. ಉಳಿದದ್ದು ಹಳೆಯ ಕಲ್ಲುಗಣಿಯ ಮಣ್ಣುದಾರಿ, ಮಾರಿಗೊಂದು ಕವಲು. ಗಾಜಿನಂಗಡಿಯವನು, ಡಾಕ್ಟರಮ್ಮ, ಸತ್ತವನು ಎಲ್ಲ ಸೇರಿದ ಬೈಕಿನ ಗುಂಪು ಭಾನುವಾರಗಳಂದು ಹಾರಿ ಬಿದ್ದು ಏಳುತ್ತಿದ್ದ ದಾರಿ ಅದೇ. ದಾರಿಯ ಸ್ಥಿತಿ ಕೇಳಿಯೇ ನೆಂಟರಿಷ್ಟರು ಮನೆಯಲ್ಲೇ ಬೀಳ್ಕೊಟ್ಟು, ಕಣ್ಣೊರೆಸಿಕೊಂಡು, ಚಪ್ಪಲಿ ಹುಡುಕಿಕೊಂಡಿದ್ದರು.

“ನಾವು ನಾಲ್ಕು ಜನ ಮುಂದೆ ಹೋಗ್ತೀವಿ ಅತ್ತಿಗೆ. ಒಂದೊಂದು ಕವಲಲ್ಲಿ ಒಬ್ಬೊಬ್ರು ನಿಂತಿರ್ತೀವಿ. ವ್ಯಾನು ಕೊನೇಲಿ ಬರ್ಲಿ. ಅಣ್ಣ ಯಾವಾಗ್ಲೂ ಬರ್ತಿದ್ದಿದ್ದೇ ಹಾಗೆ,” ಎಂದಳು ಡಾಕ್ಟರಮ್ಮ.

“ಅದಕ್ಕೇ ಬೇಡ. ನಿಮ್ಮ ಧೂಳು ಕುಡಿದಿದ್ದು ಸಾಕು. ಐದಕ್ಕೆ ಅಲ್ಲಿ ಗೇಟು ಹಾಕ್ತಾರೆ. ಆಮೇಲೆ ಎರಡು ದಿನ ರಜೆ. ಇವತ್ತು ಅವರು ಮುಂದೆ. ಜನ್ಮದಲ್ಲಿ ಒಂದು ಸಲನಾದ್ರೂ ಹೇಳಿದ ಟೈಮಿಗೆ ತಲುಪ್ಲಿ.”

“ಜನ್ಮ ಮುಗೀತಲ್ಲಮ್ಮ,” ಎಂದು ಅವಳ ಅಣ್ಣ ಗೊಣಗಿದ.

ಅವಳಿಗೆ ಆ ದಿನ ಬೇಕಾಗಿದ್ದದ್ದು ಅದೊಂದೇ. ಮಗಳ ಶಾಲೆಯ ನಾಟಕಕ್ಕೆ ಪರದೆ ಬಿದ್ದ ಮೇಲೆ ಬಂದ ಗಂಡ, ನಾದಿನಿಯ ಮದುವೆಯಲ್ಲಿ ಫೋಟೊದವನು ಕ್ಯಾಮೆರಾ ಕಟ್ಟಿಟ್ಟ ಮೇಲೆ ಕಾಣಿಸಿಕೊಂಡ ಗಂಡ, ಇವತ್ತು ಗೇಟು ಮುಚ್ಚುವ ಮೊದಲು ಒಳಗಿರಬೇಕು. ಇಲ್ಲದಿದ್ದರೆ ಶವಾಗಾರದ ತಣ್ಣನೆಯ ಕೋಣೆಯಲ್ಲಿ ಎರಡು ದಿನ. ಊರೆಲ್ಲ ಆಗಲೂ ಹೇಳುತ್ತದೆ: ನೋಡಿ, ಅಲ್ಲಿಗೂ ಲೇಟು.

*

ಅವನು ಲಿಫ್ಟ್ ರಿಪೇರಿ ಮಾಡುತ್ತಿದ್ದವನು. ನಡುವೆ ಸಿಕ್ಕಿಕೊಂಡವರನ್ನು ಬಿಡಿಸುವುದೇ ಕಸುಬು. ಎಲ್ಲೋ ಹಳೆಯ ಬೈಕೊಂದನ್ನು ತಂದು, ಮೂರು ತಿಂಗಳು ಹಿತ್ತಲಲ್ಲಿ ಬಿಚ್ಚಿ ಜೋಡಿಸಿ, ಒಂದು ಭಾನುವಾರ ಬೆಟ್ಟದ ಕಡೆ ಹೋಗುವ ಗುಂಪಿನ ಜೊತೆ ಹೊರಟ. ಮಧ್ಯಾಹ್ನ ಊಟಕ್ಕೆ ಬರುತ್ತೇನೆ ಎಂದಿದ್ದವನು ದೀಪ ಹಚ್ಚುವ ಹೊತ್ತಿಗೆ ಬಂದ. ಮೊಣಕೈವರೆಗೆ ಕರಿ.

“ಡ್ರಾಯಿಂಗ್ ಮೇಷ್ಟ್ರ ಚೈನು ತುಂಡಾಯ್ತು,” ಎಂದ. “ಎಲ್ರೂ ಮುಂದೆ ಹೋಗಿಬಿಟ್ಟಿದ್ರು. ಪಾಪ ಒಬ್ರೇ ಕೂತಿದ್ರು.”

“ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ನಿಮ್ದು ಬರೀ ಕೆಸರು.”

ಮುಂದಿನ ಭಾನುವಾರ ದರ್ಜಿಯ ಟೈರು. ಅದರಾಚೆ ಗಾಜಿನಂಗಡಿಯವನ ಕ್ಲಚ್ಚು. ಗುಂಪು ಬೆಳೆಯಿತು, ಕರಗಿತು, ಕೊನೆಗೆ ಈ ನಾಲ್ವರು ಉಳಿದರು. ಎಲ್ಲರಿಗೂ ಅವನು ಕೊನೇಣ್ಣ. ಸಾಮಾನಿನ ಚೀಲ ಕಟ್ಟಿಕೊಂಡು ಕಟ್ಟಕಡೆಯಲ್ಲಿ ಬರುವವನು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಮೈಕಮ್ಮ ಎದುರಿಗೇ ಹೇಳಿದ್ದಳು. ಅವನು ಒಪ್ಪಿಕೊಂಡು ತಲೆಯಾಡಿಸಿದ್ದ.

ಒಂದು ಸಂಜೆ ಅವಳು ಮರುದಿನದ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದಳು. ಎಲ್ಲರ ಹಿಂದೆ ಬರುವವನನ್ನು ಯಾರಾದರೂ ಲೆಕ್ಕಕ್ಕೆ ಇಡುತ್ತಾರೆಯೇ ಎಂದು ಕೆಣಕಿದಳು. ಅವನು ಎದ್ದು ಹೋಗಿ ಬೆಂಕಿಪೊಟ್ಟಣಗಳನ್ನು ತಂದು ಇಸ್ತ್ರಿ ಮೇಜಿನ ತುದಿಯಲ್ಲಿ ಜೋಡಿಸಿದ.

“ಇದು ಕವಲು ಅಂದ್ಕೋ. ಇಲ್ಲಿ ಒಬ್ರು ನಿಂತಿರ್ತಾರೆ. ಕೊನೇವ್ನು ಬರೋವರೆಗೂ ಅವರು ಅಲ್ಲಿಂದ ಅಲ್ಲಾಡೋ ಹಾಗಿಲ್ಲ. ಕೊನೇವ್ನು ಬಂದು ಕೈ ಎತ್ತಿ ಹೀಗೆ ಮುಷ್ಟಿ ಹಿಡೀಬೇಕು. ನನ್ನ ಹಿಂದೆ ಯಾರೂ ಇಲ್ಲ ಅಂತ. ಆಮೇಲೇ ಅವರು ಹೊರಡೋದು.”

“ನಿಮ್ಮ ಹಿಂದೆ ಇನ್ಯಾರು ಇರ್ತಾರೆ, ನಾನೊಬ್ಳು ಬಿಟ್ಟು? ಪೊಟ್ಟಣ ತೆಗೀರಿ, ತೋಳು ಇಸ್ತ್ರಿ ಮಾಡ್ಬೇಕು.”

ತೆಗೆದ. ತೋಳನ್ನು ಮಗುಚಿ ಹಾಕುತ್ತ ಅವಳೇ ಕೇಳಿದಳು: “ಒಂದು ದಿನನಾದ್ರೂ ಮುಂದೆ ಹೋಗೋಕೆ ಬರಲ್ವಾ ನಿಮಗೆ?”

“ಬರುತ್ತೆ. ಆದ್ರೆ ಮುಂದೆ ಏನೂ ಕೆಟ್ಟಿರಲ್ವಲ್ಲ.”

ಇಂಥವನ ಜೊತೆ ಜಗಳ ಆಡುವುದು ಹೇಗೆ? ಅವಳು ತೋಳಿನ ಮಡಿಕೆಯ ಮೇಲೆ ಇಸ್ತ್ರಿ ಪೆಟ್ಟಿಗೆಯನ್ನು ಒತ್ತಿದಳು.

*

ವ್ಯಾನು ಮುಂದೆ, ನಾಲ್ಕು ಬೈಕು ಹಿಂದೆ. ಮೈಕಮ್ಮ ಡ್ರೈವರಿನ ಪಕ್ಕದ ಸೀಟಿನಲ್ಲಿ. ಹಿಂಭಾಗದಲ್ಲಿ ಪೆಟ್ಟಿಗೆಯ ಆಚೀಚೆ ಮೈಕಮ್ಮನ ಮಗಳು ಮತ್ತು ಅಣ್ಣ. ಅಣ್ಣ ಹಿಂದಿನ ಗಾಜಿನಿಂದ ನೋಡಿ, “ಸರ್ಕಸ್ಸಿನವರ ಥರ ಬರ್ತಿದಾರೆ. ಸಾವಿಗೆ ಹಾಕ್ಕೊಳ್ಳೋ ಬಟ್ಟೇನಾ ಅದು?” ಎಂದ. ನಾಲ್ವರೂ ಮಂಡಿಗೆ ಪ್ಲಾಸ್ಟಿಕ್ ಚಿಪ್ಪು, ಕಾಲಿಗೆ ಎತ್ತರದ ಬೂಟು, ಬೆನ್ನಿಗೆ ನೀರಿನ ಚೀಲ ಕಟ್ಟಿಕೊಂಡಿದ್ದರು.

“ಅಪ್ಪ ಅವರನ್ನ ಬೇರೆ ಬಟ್ಟೇಲಿ ನೋಡಿದ್ರೆ ಗುರುತು ಹಿಡೀತಿರ್ಲಿಲ್ಲ ಮಾಮ,” ಎಂದಳು ಮಗಳು.

ದಾರಿ ತೋರಿಸುವವರೆಲ್ಲ ಹಿಂದಿದ್ದರು. ದಾರಿ ಗೊತ್ತಿಲ್ಲದವನು ಮುಂದಿದ್ದ. ಹೊರಡುವಾಗ ಡಾಕ್ಟರಮ್ಮ ಡ್ರೈವರನಿಗೆ ಎಡ, ಬಲ, ಬಲ, ಮತ್ತೆ ಎಡ ಎಂದು ಹೇಳಿಕೊಟ್ಟಿದ್ದಳು. ಮೊದಲ ಎಡ ಸರಿಯಾಗಿ ಬಂತು. ಆಮೇಲಿನದು ಬಲವೋ ಎಡವೋ ಎಂದು ಯೋಚಿಸುತ್ತಲೇ ಅವನು ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದ. ಹಿಂದಿನಿಂದ ಹಾರ್ನು ಕೇಳಿತು. ಅವಸರಪಡಿಸುತ್ತಿದ್ದಾರೆ ಎಂದುಕೊಂಡ ಮೈಕಮ್ಮ, “ಹೋಗ್ಲಿ, ಹೋಗ್ಲಿ,” ಎಂದಳು. ವ್ಯಾನು ಗಣಿಯ ಹಳೆಯ ಲಾರಿಗಳ ಏರಿನಲ್ಲಿ ಮೊದಲ ಗೇರಿನಲ್ಲಿ ಕಿರುಚುತ್ತ ಹತ್ತಿತು. ಅರ್ಧ ಏರಿನಲ್ಲಿ ಒಳಗೆ ಟಪ್ ಎಂದಿತು. ಮೂತಿಯಿಂದ ಬಿಳಿ ಆವಿ ಎದ್ದು ಮುಂದಿನ ಗಾಜು ಮುಚ್ಚಿಹೋಯಿತು.

“ನೀರಿನ ಹೋಸು ಸೀಳ್ಕೊಂಡಿದೆ. ರೇಡಿಯೇಟರ್ ನೀರೆಲ್ಲ ಖಾಲಿ,” ಎಂದ ಡ್ರೈವರು, ಬಾನೆಟ್ಟು ಎತ್ತಿ.

“ಸರಿ ಮಾಡಪ್ಪ.”

“ಟೂಲ್ಸೆಲ್ಲ ಇನ್ನೊಂದು ವ್ಯಾನಲ್ಲಿದೆ ಅಮ್ಮ. ಅದು ಇನ್ನೊಂದು ಬಾಡಿ ತಗೊಂಡು ಹೋಗಿದೆ. ಬರೋದು ಸಂಜೆ ಮೇಲೆ.”

ಎಲ್ಲರೂ ಬೈಕಿನವರ ಕಡೆ ತಿರುಗಿದರು. ಬೈಕಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಲು ಶತಮಾನ ಬೆಟ್ಟ ಗುಡ್ಡ ಅಲೆದ ನಾಲ್ವರು. ಅವರ ಬಳಿ ಒಂದು ಸ್ಪ್ಯಾನರೂ ಇರಲಿಲ್ಲ, ಒಂದು ಚಾಕುವೂ ಇರಲಿಲ್ಲ, ಒಂದು ತುಂಡು ತಂತಿಯೂ ಇರಲಿಲ್ಲ. ಅದೆಲ್ಲ ಯಾವಾಗಲೂ ಹಿಂದಿನಿಂದ ಬರುತ್ತಿತ್ತು. ಅದನ್ನು ಹೊತ್ತು ತರುವವನು ಒಂದಿಲ್ಲೊಂದು ದಿನ ಬರುವುದಿಲ್ಲ ಎಂಬುದು ಅವರ ತಲೆಗೆ ಹೊಳೆದೇ ಇರಲಿಲ್ಲ.

“ಸಾಮಾನಿದೆ,” ಎಂದ ದರ್ಜಿ ಕೊನೆಗೆ, ಮೆಲುದನಿಯಲ್ಲಿ. “ಆದ್ರೆ ಪೆಟ್ಟಿಗೆ ಒಳಗಿದೆ.”

*

ಅವನು ಸತ್ತದ್ದು ಮಂಗಳವಾರ. ಆಸ್ಪತ್ರೆಯೊಂದರ ಮಾಳಿಗೆಯಲ್ಲಿ, ಲಿಫ್ಟಿನ ಮೋಟಾರು ಕೋಣೆಯಲ್ಲಿ. ಕೆಲಸ ಮುಗಿಸಿ, ಸಾಮಾನು ಒರೆಸಿಟ್ಟು, ಗೋಡೆಗೆ ಒರಗಿ ಕುಳಿತಿದ್ದ. ಎದೆ ಅಲ್ಲೇ ನಿಂತಿತ್ತು. ಲಿಫ್ಟು ಮಾತ್ರ ಸರಿಯಾಗಿ ಓಡುತ್ತಿತ್ತು. ಕೆಳಗೆ ಅಷ್ಟೊಂದು ಡಾಕ್ಟರುಗಳು ಅದರಲ್ಲಿ ಹತ್ತಿ ಇಳಿಯುತ್ತಿದ್ದರು. ಮೇಲೆ ಏನಾಗಿದೆ ಎಂದು ಯಾರಿಗೂ ತಿಳಿದಿರಲಿಲ್ಲ.

ಅವತ್ತು ಮಧ್ಯಾಹ್ನ ಊಟಕ್ಕೆ ಬರುವುದಾಗಿ ಹೇಳಿ ಹೋಗಿದ್ದ. ಮೈಕಮ್ಮ ಕಾದಳು. ಸಾರು ಎರಡು ಸಲ ಬಿಸಿ ಮಾಡಿದಳು. ಮೂರನೆಯ ಸಲ ಒಲೆ ಹಚ್ಚುವಾಗ, “ಬರ್ಲಿ, ಇವತ್ತು ಬಾಗಿಲು ತೆಗಿಯೋದೇ ಇಲ್ಲ,” ಎಂದು ಗೋಡೆಗೆ ಕೇಳುವಂತೆ ಹೇಳಿದಳು. ಅವನು ಎಂದೂ ಮನೆಯ ಬೀಗದ ಕೈ ಒಯ್ಯುತ್ತಿರಲಿಲ್ಲ. ಹೇಗೂ ನೀನು ಇರ್ತೀಯಲ್ಲ ಎನ್ನುತ್ತಿದ್ದ. ಬಾಗಿಲು ತೆಗೆಯುವುದಿಲ್ಲ ಎಂದು ಅವಳು ಹೇಳುವ ಹೊತ್ತಿಗೆ ಅವನು ಹೋಗಿ ಗಂಟೆಯ ಮೇಲಾಗಿತ್ತು. ಅದು ಅವಳಿಗೆ ಫೋನು ಬಂದ ಮೇಲೆ ತಿಳಿಯಿತು. ಸತ್ತವನ ಮೇಲೆ ಸಿಟ್ಟು ಮಾಡಿಕೊಂಡೆನಲ್ಲ ಎಂಬುದು ಅವಳನ್ನು ಚುಚ್ಚುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

*

“ಒಂದ್ಸಲ ಮುಚ್ಚಿದ ಪೆಟ್ಟಿಗೆ ತೆಗೀಬಾರ್ದು,” ಎಂದ ಅಣ್ಣ.

“ಯಾಕೆ?” ಎಂದಳು ತಂಗಿ.

“ಯಾಕೆ ಅಂದ್ರೆ... ತೆಗೀಬಾರ್ದು. ಅಷ್ಟೆ. ಅವರನ್ನ ಅವರ ಪಾಡಿಗೆ ಬಿಡಬೇಕು.”

ಮೈಕಮ್ಮ ಏರಿನ ಕೆಳಗೆ ನೋಡಿದಳು, ಮೇಲೆ ನೋಡಿದಳು. ಬಿಸಿಲು ಆಗಲೇ ಗಣಿಯ ಗೋಡೆಯ ಅಂಚಿಗೆ ಸರಿದಿತ್ತು. ಚೀಲ ಪೆಟ್ಟಿಗೆ ಸೇರಿದ್ದು ಅವಳ ಹಟಕ್ಕೆ. ವ್ಯಾನು ಮುಂದೆ ಬಿಟ್ಟದ್ದೂ ಅವಳ ಹಟಕ್ಕೆ. ಇಲ್ಲಿ ನಿಂತು ಹಟ ಮಾಡಲು ಬೇರೇನೂ ಉಳಿದಿರಲಿಲ್ಲ.

“ಪಕ್ಕದಲ್ಲಿ ಗಾಡಿ ಕೆಟ್ಟಿರೋವಾಗ ಅವರ ಪಾಡಿಗೆ ಮಲಗಿ ಅಭ್ಯಾಸ ಇಲ್ಲ ಅವರಿಗೆ. ತೆಗೀರಿ,” ಎಂದಳು.

ತೆಗೆಯುವುದಕ್ಕೆ ಸ್ಕ್ರೂಡ್ರೈವರ್ ಬೇಕು, ಸ್ಕ್ರೂಡ್ರೈವರ್ ಪೆಟ್ಟಿಗೆಯಲ್ಲಿ. ಗಾಜಿನಂಗಡಿಯವನು ಉಗುರಿನಿಂದ ಪ್ರಯತ್ನಿಸಿ ಉಗುರು ಮುರಿದುಕೊಂಡ. ಡ್ರೈವರು ನಾಣ್ಯ ಹಾಕಿ ನೋಡಿದ, ದಪ್ಪವಾಯಿತು. ಮೈಕಮ್ಮ ಸೊಂಟದಿಂದ ಮನೆಯ ಬೀಗದ ಕೈ ಬಿಚ್ಚಿ ಕೊಟ್ಟಳು. ಅದರ ತುದಿ ಸ್ಕ್ರೂವಿನ ಸೀಳಿಗೆ ಸರಿಯಾಗಿ ಕೂತಿತು. ಒಂದೊಂದೇ ಸ್ಕ್ರೂ ಎದ್ದು ಬಂತು.

ಮುಚ್ಚಳ ಸರಿಸಿದಾಗ ಎಲ್ಲರೂ ಮುಖ ಆಚೆ ತಿರುಗಿಸಿ ನಿಂತರು. ಅವಳೊಬ್ಬಳೇ ನೋಡಿದಳು. ಏರಿನ ದೆಸೆಯಿಂದ ಅವನು ಒಂದಿಷ್ಟು ಕೆಳಗೆ ಜಾರಿದ್ದ. ಪಾದಗಳು ಚೀಲಕ್ಕೆ ಆನಿಕೊಂಡಿದ್ದವು. ಅವಳು ಚೀಲ ಎಳೆದುಕೊಂಡು, ಕೆದರಿದ ಅವನ ಕೂದಲನ್ನು ಅಂಗೈಯಿಂದ ಸರಿಪಡಿಸಿದಳು.

ಚೀಲ ಬಿಚ್ಚಿ ನೆಲದ ಮೇಲೆ ಹರಡಿದವಳೂ ಅವಳೇ. ಅಷ್ಟು ವರ್ಷ ಮನೆಯ ಮೂಲೆಯಲ್ಲಿದ್ದ ಅದನ್ನು ಅವಳು ಕಾಲಿನಿಂದ ತಳ್ಳಿದ್ದಳೇ ಹೊರತು ಕೈಯಿಂದ ಮುಟ್ಟಿರಲಿಲ್ಲ. ಸಾಮಾನು ಸದ್ದು ಮಾಡದಂತೆ ಒಂದೊಂದನ್ನೂ ಬಟ್ಟೆಯಲ್ಲಿ ಸುತ್ತಿಟ್ಟಿದ್ದ. ಸ್ಪ್ಯಾನರುಗಳು ಅವಳ ಹಳೆಯ ರವಿಕೆಯ ತೋಳುಗಳಲ್ಲಿ ಇದ್ದವು. ಸ್ಪಾರ್ಕ್ ಪ್ಲಗ್ಗುಗಳು ಮಗಳ ಶಾಲೆಯ ಕಾಲುಚೀಲದಲ್ಲಿ. ಇಕ್ಕಳಕ್ಕೆ ಸುತ್ತಿದ್ದದ್ದು ಒಂದು ನೀಲಿ ಬಟ್ಟೆಯ ಬೆಲ್ಟು. ಅವಳ ಯೂನಿಫಾರ್ಮಿನದು. ಅದು ಕಳೆದುಹೋಯಿತೆಂದು ಅವಳು ಲಾಂಡ್ರಿಯವನ ಜೊತೆ ಬಾಯಿಗೆ ಬಾಯಿ ಕೊಟ್ಟು ಜಗಳವಾಡಿ, ಆಮೇಲೆ ಆ ಲಾಂಡ್ರಿಯನ್ನೇ ಬಿಟ್ಟಿದ್ದಳು.

“ಅಮ್ಮ, ಇದು ನಂದು,” ಎಂದಳು ಮಗಳು ಕಾಲುಚೀಲ ಹಿಡಿದು.

“ಎಲ್ಲ ನಮ್ದೇ,” ಎಂದಳು ಮೈಕಮ್ಮ. “ಕಳ್ಳ.”

ಅವಳ ದನಿ ಅಷ್ಟಕ್ಕೇ ಒಡೆಯಿತು. ಮೈಕಿನ ಮುಂದೆ ಒಂದು ದಿನವೂ ಒಡೆಯದ ದನಿ. ಮಗಳು ಅವಳ ಬೆನ್ನ ಮೇಲೆ ಕೈಯಿಟ್ಟಳು. ಮೈಕಮ್ಮ ಮೂಗು ಒರೆಸಿಕೊಂಡು, “ಯಾರಿಗೆ ಏನು ಬೇಕೋ ತಗೊಳ್ಳಿ, ಹೊತ್ತಾಗ್ತಿದೆ,” ಎಂದಳು.

ನಾಲ್ವರಲ್ಲಿ ಒಬ್ಬರೂ ಮೆಕ್ಯಾನಿಕ್ ಅಲ್ಲ. ಆದರೆ ಕೊನೇಣ್ಣ ಯಾರ ಗಾಡಿಯನ್ನೂ ಒಬ್ಬನೇ ರಿಪೇರಿ ಮಾಡಿದವನಲ್ಲ. ಗಾಡಿ ಯಾರದೋ ಅವರನ್ನು ಪಕ್ಕದಲ್ಲಿ ಕೂರಿಸಿ, ಇದನ್ನ ಹಿಡ್ಕೋ, ಅದನ್ನ ಒತ್ತು ಎನ್ನುತ್ತಿದ್ದ. ಹೀಗಾಗಿ ಅವರವರ ಗಾಡಿ ಕೆಟ್ಟಷ್ಟು ವಿದ್ಯೆ ಅವರವರಿಗೆ ಬಂದಿತ್ತು. ಗಾಜಿನಂಗಡಿಯವನು ವ್ಯಾನಿನ ಕೆಳಗೆ ತೂರಿ ಸೀಳು ಎಲ್ಲಿಯವರೆಗೆ ಹೋಗಿದೆ ಎಂದು ಕೂಗಿ ಹೇಳಿದ. ಚೀಲದಲ್ಲಿದ್ದ ಹಳೆಯ ಟ್ಯೂಬನ್ನು ದರ್ಜಿ ಉದ್ದುದ್ದ ಪಟ್ಟಿಯಾಗಿ ಕತ್ತರಿಸಿದ. ಡಾಕ್ಟರಮ್ಮನ ಬೆರಳುಗಳು ದವಡೆಯ ಮೂಲೆಗೆ ಹೋಗಿ ಅಭ್ಯಾಸವಾದವು, ಎಂಜಿನ್ನಿನ ಸಂದಿಗೂ ಹೋದವು. ಅವಳು ರಬ್ಬರು ಪಟ್ಟಿಯನ್ನು ಹೋಸಿನ ಸುತ್ತ ಎಳೆದೆಳೆದು ಸುತ್ತಿದಳು.

“ಇನ್ನೂ ಎಳೀರಿ ಡಾಕ್ಟ್ರೆ. ಕಣ್ಣಲ್ಲಿ ನೀರು ಬರೋವರೆಗೂ ಎಳೀಬೇಕು ಅಂತಿದ್ರು ಅಣ್ಣ,” ಎಂದ ದರ್ಜಿ.

“ಬರ್ತಿದೆ ಬಿಡಿ,” ಎಂದಳು ಅವಳು.

ಒಂದು ತುದಿಗೆ ಕಟ್ಟುವಷ್ಟರಲ್ಲಿ ತಂತಿ ಮುಗಿಯಿತು. ಇನ್ನೊಂದು ತುದಿಗೆ ಏನಾದರೂ ಬೇಕು ಎಂದು ದರ್ಜಿ ಅತ್ತಿತ್ತ ನೋಡಿದ. ಮೈಕಮ್ಮ ನೀಲಿ ಬೆಲ್ಟನ್ನು ಅವನ ಕೈಗಿಟ್ಟಳು. ಅವನು ಅದನ್ನು ಎಳೆದು ಬಿಗಿದು, ಜಾರದಂತೆ ಗಂಟು ಹಾಕಿದ. ಎಲ್ಲರ ಬೆನ್ನ ಮೇಲಿನ ನೀರೂ ರೇಡಿಯೇಟರಿಗೆ ಹೋಯಿತು. ಅದರ ಮುಚ್ಚಳ ಪೂರ್ತಿ ಬಿಗಿಸಲು ಹೊರಟ ಡ್ರೈವರನನ್ನು ಡ್ರಾಯಿಂಗ್ ಮೇಷ್ಟ್ರು ತಡೆದರು. “ಸ್ವಲ್ಪ ಸಡಿಲ ಇರ್ಲಿ. ಉಸಿರಾಡ್ಲಿ. ಇಲ್ಲಾಂದ್ರೆ ಮತ್ತೆ ಒಡ್ಕೊಳ್ಳುತ್ತೆ. ನಾನು ಮುಖ ಸುಟ್ಕೊಂಡು ಕಲ್ತಿದ್ದು.”

ಎಂಜಿನ್ ಶುರುವಾಯಿತು. ಎಲ್ಲರೂ ಬಗ್ಗಿ ನೋಡಿದರು. ಗಂಟಿನ ಹತ್ತಿರ ಒಂದು ಹನಿ ಮೂಡಿ ಅಲ್ಲೇ ನಿಂತಿತು.

“ನಿಧಾನಕ್ಕೆ ಹೋಗ್ಬೇಕು,” ಎಂದ ಡ್ರೈವರು. “ಓಡ್ಸಿದ್ರೆ ನಿಲ್ಲಲ್ಲ ಇದು.”

ಅಣ್ಣ ಗಡಿಯಾರ ನೋಡಿದ. ನಿಧಾನವೆಂದರೆ ಐದು ಗಂಟೆ ತಪ್ಪಿತು ಎಂದೇ ಅರ್ಥ. ಅದು ಎಲ್ಲರಿಗಿಂತ ಮೊದಲು ಗೊತ್ತಾದದ್ದು ಬಸ್ಸಿನ ಟೈಮು ಕೂಗಿದವಳಿಗೇ. ಪೆಟ್ಟಿಗೆಯ ಕೊನೆಯ ಸ್ಕ್ರೂವನ್ನು ಬೀಗದ ಕೈಯಿಂದ ತಿರುಗಿಸಿ, ಅದನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಚೀಲ ಈ ಸಲ ಪೆಟ್ಟಿಗೆಯ ಹೊರಗಿತ್ತು.

“ಡಾಕ್ಟರಮ್ಮ, ನೀವು ನಾಲ್ಕೂ ಜನ ಮುಂದೆ ಹೋಗಿ. ದಾರೀಲಿ ನಿಂತ್ಕೊಳ್ಳೋರು ನಿಂತ್ಕೊಳ್ಳಿ. ನೀವು ಹೋಗಿ ಆ ಗೇಟು ಹಿಡ್ಕೊಳ್ಳಿ. ನಾವು ಹಿಂದೆ ಬರ್ತೀವಿ.”

“ಕೊನೇಲಾ ಅತ್ತಿಗೆ?”

“ಕೊನೇಲೇ.”

*

ಬೈಕುಗಳ ಧೂಳು ಅಡಗುವವರೆಗೆ ಕಾದು ವ್ಯಾನು ಹಿಂದಕ್ಕೆ ಇಳಿಯಿತು. ದಾರಿ ತಪ್ಪಿದ ಕವಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು ಬೈಕಿನ ಮೇಲೆ ಕುಳಿತು ಒಂದು ಕಾಲು ನೆಲಕ್ಕೂರಿದ್ದರು. ವ್ಯಾನು ಹತ್ತಿರ ಬಂದರೂ ಅವರು ಕದಲಲಿಲ್ಲ. ಅವರ ನೋಟ ವ್ಯಾನಿನ ಮೇಲಿರಲಿಲ್ಲ, ಅದರ ಹಿಂದಿನ ಖಾಲಿ ದಾರಿಯ ಮೇಲಿತ್ತು.

“ಇವರು ಯಾಕೆ ಹೊರಡ್ತಿಲ್ಲ?” ಡ್ರೈವರು ಬ್ರೇಕು ಒತ್ತಿದ. “ಇನ್ಯಾರಾದ್ರೂ ಬರೋರಿದ್ದಾರಾ?”

ಮೈಕಮ್ಮನಿಗೂ ಮೊದಲು ಅರ್ಥವಾಗಲಿಲ್ಲ. ಮೇಷ್ಟ್ರಿಗೂ ತಾವು ಏನು ಮಾಡುತ್ತಿದ್ದೇವೆ ಎಂಬುದು ತಿಳಿದಿದ್ದಂತೆ ಕಾಣಲಿಲ್ಲ. ಬಾಯಿ ಅರೆ ತೆರೆದಿತ್ತು, ಕಣ್ಣು ಕಿರಿದಾಗಿತ್ತು, ಹಗ್ಗ ಕಟ್ಟಿದ ಹಾಗೆ ಅಲ್ಲೇ ಇದ್ದರು. ಆಗ ಅವಳಿಗೆ ಇಸ್ತ್ರಿ ಮೇಜಿನ ಮೇಲಿನ ಬೆಂಕಿಪೊಟ್ಟಣ ನೆನಪಾಯಿತು.

ಕಿಟಕಿಯ ಗಾಜು ಇಳಿಸುವ ಹಿಡಿ ಬಿಗಿಯಾಗಿತ್ತು. ಎರಡೂ ಕೈ ಹಾಕಿ ತಿರುಗಿಸಿದಳು. ತೋಳು ಹೊರಗೆ ಚಾಚಿ, ಮೇಲಕ್ಕೆತ್ತಿ, ಬೆರಳು ಮಡಿಸಿದಳು.

ಮೇಷ್ಟ್ರು ಆ ಮುಷ್ಟಿಯನ್ನು ನೋಡಿದರು. ಹೆಲ್ಮೆಟ್ಟಿನ ಗಾಜು ಕೆಳಗೆಳೆದುಕೊಂಡು, ಗಾಡಿ ಶುರು ಮಾಡಿ, ಮುಂದೆ ಹೋದರು.

ಎರಡನೆಯ ಕವಲಿನಲ್ಲಿ ಗಾಜಿನಂಗಡಿಯವನಿದ್ದ. ಮೂರನೆಯದರಲ್ಲಿ ದರ್ಜಿ. ಅಲ್ಲಿ ಯಾರೂ ಹೇಳಿಸಿಕೊಳ್ಳದೆ ವ್ಯಾನು ನಿಧಾನವಾಯಿತು, ಅವಳ ತೋಳು ತಾನಾಗಿ ಹೊರಗೆ ಹೋಯಿತು. ಗಂಡ ಒಂಟಿಯಾಗಿ ಎಲ್ಲರ ಧೂಳು ತಿನ್ನುತ್ತ ಬರುತ್ತಾನೆ ಎಂದು ಅವಳು ಭಾನುವಾರವೆಲ್ಲ ಮನೆಯಲ್ಲಿ ಕುದಿಯುತ್ತಿದ್ದಳು. ತಿರುವು ತಿರುವಿನಲ್ಲೂ ಒಬ್ಬೊಬ್ಬರು ಅವನ ದಾರಿ ನೋಡುತ್ತ ನಿಂತಿರುತ್ತಿದ್ದರು ಎಂಬುದನ್ನು ಕೇಳಿದ್ದಳು, ನೋಡಿರಲಿಲ್ಲ. ಅವಳಿಗೆ ಮೊದಲು ಹೊಟ್ಟೆಕಿಚ್ಚಾಯಿತು. ಆಮೇಲೆ, ಬಹಳ ಹೊತ್ತಿನ ಮೇಲೆ ಯಾರೋ ಕುಡಿಯಲು ನೀರು ಕೊಟ್ಟ ಹಾಗಾಯಿತು.

ಸ್ಮಶಾನದ ಗೋಡೆ ಕಂಡಾಗ ಐದು ಗಂಟೆ ಕಳೆದು ಹೋಗಿತ್ತು. ಗೇಟಿನ ಒಂದು ಬಾಗಿಲು ಮುಚ್ಚಿತ್ತು. ಇನ್ನೊಂದನ್ನು ಮುಚ್ಚಲು ಬಾರದಂತೆ ಡಾಕ್ಟರಮ್ಮ ತನ್ನ ಬೈಕನ್ನು ನಡುವೆ ನಿಲ್ಲಿಸಿ ಅದರ ಮೇಲೆ ಕುಳಿತಿದ್ದಳು, ಮುಂದಿನ ಗಾಲಿ ಒಳಗೆ, ಹಿಂದಿನದು ಹೊರಗೆ. ಪಕ್ಕದಲ್ಲಿ ಕಾವಲುಗಾರ ಬೀಗ ಹಿಡಿದು ನಿಂತಿದ್ದ.

“ನನಗೂ ಮನೆ ಇದೆ ಅಮ್ಮ. ಇನ್ನೆಷ್ಟು ಹೊತ್ತು?” ಎನ್ನುತ್ತಿದ್ದ ಅವನು.

“ಕೊನೆಯವರು ಬರಬೇಕು,” ಎಂದಳು ಡಾಕ್ಟರಮ್ಮ, ದಾರಿಯ ಮೇಲಿಟ್ಟ ಕಣ್ಣು ತೆಗೆಯದೆ.

ವ್ಯಾನು ಆವಿ ಬಿಡುತ್ತ ಗೇಟಿನ ಮುಂದೆ ಬಂದು ನಿಂತಿತು. ಮೈಕಮ್ಮ ಒಮ್ಮೆ ಹಿಂದಕ್ಕೆ ತಿರುಗಿ, ಬಂದ ದಾರಿಯನ್ನು ಕಾಣುವಷ್ಟು ದೂರ ನೋಡಿದಳು. ಆಮೇಲೆ ಕಿಟಕಿಯಿಂದ ಕೈ ಹೊರಗೆ ಹಾಕಿ ಮುಷ್ಟಿ ಹಿಡಿದಳು. ಡಾಕ್ಟರಮ್ಮ ಕೆಳಗಿಳಿದು ಬೈಕನ್ನು ಪಕ್ಕಕ್ಕೆ ತಳ್ಳಿದಳು.